ಒಂದೇ ಡಿಸ್ಕಿನ ಮಗಳು

ಮನುಷ್ಯರ ತಲೆಯಲ್ಲಿ ನೆನಪು ನಿಲ್ಲದಂತಾದ ಮೇಲೆ ಗದಗಿನವರ ನೆನಪೆಲ್ಲ ಉಗ್ರಾಣದ ಡಿಸ್ಕ್‌ಗಳಲ್ಲಿರುತ್ತಿತ್ತು. ಯಾರ ತಲೆಗೆ ಯಾವ ಡಿಸ್ಕ್ ಎಂದು ಜೋಡಿಸಿಕೊಡುವುದು ಜುಬೇದಾಳ ಕೆಲಸ. ಒಂದು ಡಿಸ್ಕಿಗೆ ಒಂದೇ ತಲೆ, ಅಷ್ಟೇ ನಿಯಮ.

ತೀರಿಕೊಂಡ ಮಗಳ ನೆನಪಿದ್ದ ಫಕ್ಕೀರಪ್ಪನ ಡಿಸ್ಕ್ ಹೋದ ವರ್ಷ ಕೆಟ್ಟಿತ್ತು. ಹೆಂಡತಿ ನೀಲವ್ವನ ಡಿಸ್ಕ್ ಉಳಿದಿತ್ತು. "ಈಕಿ ಒಬ್ಬಾಕಿನ ಅಳ್ತಾಳ್ರೀ ಅಕ್ಕಾರ. ಮಗಳೊಬ್ಬಾಕಿ ಇದ್ಲಂತ, ನನಗೂ ಆಕಿ ನೆನಪಾಗ್ಬೇಕು" ಎಂದು ಅವನು ಗೋಗರೆದಾಗ ಜುಬೇದಾ ಕರಗಿದಳು. ಅವನನ್ನೂ ನೀಲವ್ವನ ಡಿಸ್ಕಿಗೇ ಜೋಡಿಸಿದಳು.

ಇವತ್ತು ಇಬ್ಬರೂ ಮತ್ತೆ ಬಂದಿದ್ದರು.

"ಆಕಿ ಗಲ್ಲದ ಮ್ಯಾಲ ಮಚ್ಚಿ ಇತ್ತು" ಎಂದಳು ನೀಲವ್ವ. "ಈಗ ಮಚ್ಚಿ ಅಷ್ಟ ಕಾಣ್ತದ. ಮಾರಿ ಇಲ್ಲ."

"ನನಗ ನಗೋದು ಕೇಳ್ತದ" ಎಂದ ಫಕ್ಕೀರಪ್ಪ. "ಯಾರು ನಗ್ತಾರ ತಿಳೀವಲ್ದು."

ಒಬ್ಬರು ನೆನೆದದ್ದರ ಮೇಲೆ ಇನ್ನೊಬ್ಬರ ನೆನಪು ಬರೆದುಕೊಂಡಿತ್ತು. ಜುಬೇದಾ ಆಪತ್ತಿಗೆಂದು ಇಟ್ಟಿದ್ದ ಅದರ ನಕಲು ಡಿಸ್ಕ್ ತೆರೆದು ನೋಡಿದಳು. ಅದು ಹಾಳಾದದ್ದನ್ನೂ ಹಾಗೆಯೇ ನಕಲು ಮಾಡಿಟ್ಟಿತ್ತು.

"ಒಬ್ಬರನ್ನ ಬಿಡಸ್ಬೇಕ್ರಿ" ಎಂದಳು ತಲೆ ತಗ್ಗಿಸಿ. "ಇಲ್ಲಾಂದ್ರ ಉಳಿದದ್ದೂ ಹೋಗ್ತದ."

"ನನ್ನ ಬಿಡಸ್ರಿ. ಈಕಿಗರ ಇರ್ಲಿ" ಎಂದ ಫಕ್ಕೀರಪ್ಪ.

ಜುಬೇದಾ ಅವನನ್ನು ಆ ಡಿಸ್ಕಿನಿಂದ ಬಿಡಿಸಿದಳು. ಅವನು ನಿರಾಳವಾಗಿ ಎದ್ದು ಹೊಸ್ತಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡ. ತಿರುಗಿ ನೋಡಿದರೆ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಯಾಕ ಅಳಾಕತ್ತೀ? ಯಾರರ ತೀರ್ಕೊಂಡಾರೇನು?"

ಹೇಳಲೆಂದು ನೀಲವ್ವ ಸೆರಗು ಸರಿಸಿ ಬಾಯಿ ತೆರೆದಳು. ಹೆಸರು ಬರಲಿಲ್ಲ.