ನಾಗೂಬಾಯಿಯ ಕಾಲ್ಕಡಗ

ಧೋಂಡಿಬಾ ಕಂಬಳಿಯ ಗಂಟು ಬಿಚ್ಚಿ, ಬೆಳ್ಳಿಯ ಗಟ್ಟಿಯನ್ನು ಶ್ರೀಪಾಲ ಶೇಟರ ಗಾದಿಯ ಅಂಚಿಗಿಟ್ಟ. "ಇದನ್ನ ನೀವ ಇಟ್ಕೋರಿ ಶೇಟ್ರ. ನಮ್ಮವ್ವನ ಕಡಗ ಕೊಡ್ರಿ" ಎಂದ.

ಕೊಲ್ಹಾಪುರದ ಸರಾಫ ಪೇಟೆಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದಿದ್ದ ಶೇಟರು ಇಂಥ ಗಿರಾಕಿಯನ್ನು ಕಂಡಿರಲಿಲ್ಲ. "ಹುಚ್ಚ ಹಿಡದೈತೇನೋ ಧೋಂಡಿಬಾ? ನೀ ಒಯ್ದು ಎರಡ ತಿಂಗಳಾಗಿಲ್ಲ, ದರ ಎಷ್ಟ ಏರೈತಿ ಗೊತ್ತೈತೇನು? ಸುಮ್ಮ ಮನಿಗೆ ಒಯ್ದು ಪೆಟಗ್ಯಾಗ ಇಡು."

"ದರ ಬ್ಯಾಡ್ರಿ. ಕಡಗ ಕೊಡ್ರಿ."

"ಎಲ್ಲಿಂದ ಕೊಡಲಿ? ಅವು ಅದ ವಾರ ಹುಪರಿ ಕುಲುಮಿಗೆ ಹೋದವು. ಕರಗಿ ಗಟ್ಟಿ ಆಗಿ ಈಗ ಯಾರ ತಿಜೋರಿಯಾಗ ಕುಂತಾವೋ."

ಎಂಬತ್ತನೆಯ ಇಸವಿ ಬಾಗಿಲಿಗೆ ಬಂದಿದ್ದ ಆ ಚಳಿಗಾಲದಲ್ಲಿ ಬೆಳ್ಳಿಗೆ ರೆಕ್ಕೆ ಮೂಡಿದ್ದವು. ಗಡಹಿಂಗ್ಲಜದ ಸಂತೆಯಲ್ಲಿ ಕುರಿಯ ಹಲ್ಲು ಎಣಿಸುವವರು ಕೂಡ ಬೆಳ್ಳಿಯ ದರವನ್ನೇ ಮಾತಾಡುತ್ತಿದ್ದರು. ಹಳೆಯ ಒಡವೆಯಲ್ಲಿ ಬೆಸುಗೆ, ಬೆರಕೆ, ಕೊಳೆ. ಇಡುವುದಾದರೆ ಚೊಕ್ಕ ಗಟ್ಟಿಯನ್ನೇ ಇಡಬೇಕು ಎಂದು ಯಾರೋ ಅಂದದ್ದು ಧೋಂಡಿಬಾನ ತಲೆಗೆ ಹೊಕ್ಕಿತು. ತೀರಿಹೋದ ಅವ್ವನ ಎರಡು ಕಾಲ್ಕಡಗಗಳಿಗೆ ಎಂಟು ಕುರಿ ಮಾರಿದ ದುಡ್ಡು ಸೇರಿಸಿ, ಇದೇ ಅಂಗಡಿಯಿಂದ ಒಂದು ಕಿಲೋದ ಗಟ್ಟಿ ಒಯ್ದಿದ್ದ. ಹೆಂಡತಿಗೆ ಸಹ ಹೇಳಿರಲಿಲ್ಲ.

ಅವ್ವ ನಾಗೂಬಾಯಿ ಸಾಯುವಾಗ ಕೇಳಿಕೊಂಡದ್ದು ಒಂದೇ ಮಾತು: "ನನ್ನ ಕಡಗದಾಗ ನನ್ನ ಟಾಕ ಮಾಡಸ್ರಿ. ನಿಮ್ಮಪ್ಪನ ಬಾಜೂಕ ಕೂಡಸ್ರಿ." ಸತ್ತ ಹಿರಿಯರು ಮೈಮೇಲೆ ಹಾಕಿಕೊಂಡಿದ್ದ ಬೆಳ್ಳಿಯಲ್ಲೇ ಅವರ ಮುಖ ಮೂಡಿಸಿ ಬಡಿದ ಪುಟ್ಟ ತಗಡು, ಟಾಕ. ಅದು ದೇವರ ಜಗಲಿ ಏರಿದಾಗಲೇ ಅವರು ಮನೆಗೆ ಮರಳಿ ಬಂದಂತೆ. ಅಪ್ಪ ತನ್ನ ಬೆಳ್ಳಿಯ ಉಡದಾರದಿಂದ ಟಾಕವಾಗಿ ಜಗಲಿಯ ಮೇಲೆ ಕೂತು ಆರು ವರ್ಷವಾಗಿತ್ತು. ಗಟ್ಟಿಯ ಒಂದು ತುಣುಕಿನಲ್ಲಿ ಅವ್ವನನ್ನೂ ಮಾಡಿಸಿದರಾಯಿತು, ಬೆಳ್ಳಿ ಬೆಳ್ಳಿಯೇ ಅಲ್ಲವೇ ಎಂದುಕೊಂಡಿದ್ದ ಧೋಂಡಿಬಾ. ನೂರಿಪ್ಪತ್ತು ಕುರಿಗಳ ಹಿಂಡಿನಲ್ಲಿ ಯಾವ ಮರಿ ಯಾವ ತಾಯಿಯದೆಂದು ನಿದ್ದೆಗಣ್ಣಲ್ಲೂ ಹೇಳುವ ಮನುಷ್ಯ, ಬೆಳ್ಳಿಗೂ ಗುರುತು ಇರುತ್ತದೆಂದು ಯೋಚಿಸಲಿಲ್ಲ.

ಈಗ ಅಕ್ಕ ಗಂಗುಬಾಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ನಾಳೆ ಅಮಾವಾಸ್ಯೆ, ಅವ್ವನನ್ನು ಕೂಡಿಸುವ ದಿನ ಎಂದು ಗಂಡನ ಮನೆ ಯಡ್ರಾವದಿಂದ ಬಂದಿದ್ದಳು. ಕಡಗಗಳು ಶೇಟರ ತಿಜೋರಿಯಲ್ಲಿ ಜೋಪಾನವಾಗಿವೆ ಎಂದು ತಮ್ಮ ಹೇಳಿದ್ದನ್ನು ನಂಬಿದ್ದಳು. ಬಸ್ಸಿನಲ್ಲಿ ಅವಳು, "ಆ ಕಡಗ ಹಿಡಕೊಂಡ ನಾ ಎದ್ದ ನಿಲ್ಲಾಕ ಕಲತೇನಿ. ಮುರಿಯೂದರ ಮದಲ ಒಮ್ಮಿ ನನ್ನ ಕೈಯಾಗ ಕೊಡು" ಎಂದಾಗಿನಿಂದ ಧೋಂಡಿಬಾ ಅವಳ ಕಡೆ ತಿರುಗಿ ನೋಡಿರಲಿಲ್ಲ.

ಶೇಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಿಂಗ ಮಾಡು. ಇದರಾಗಿಂದ ಒಂದ ತುಣುಕ ಕತ್ತರಸ್ತೇನಿ. ಸಂಜಿಯೊಳಗ ಟಾಕ ಬಡದ ಕೊಡ್ತಾರ. ನಿಮ್ಮಕ್ಕಗ ಯಾರ ಹೇಳ್ತಾರ? ಬೆಳ್ಳಿ ಮ್ಯಾಲ ಹೆಸರ ಬರದಿರತೈತೇನು?"

ಧೋಂಡಿಬಾನಿಗೆ ಆ ಮಾತು ಒಂದು ಗಳಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೇ ನಾಚಿಕೆಯಾಯಿತು. ಗಟ್ಟಿಯನ್ನು ಎತ್ತಿಕೊಂಡು ಹೊರಗೆ ಬಂದ. ಗಂಗುಬಾಯಿ ಸೆರಗಿನ ಗಂಟು ಬಿಚ್ಚಿ, ದೇವರ ಅರಿಶಿನಪುಡಿ ಭಂಡಾರವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಚಾಚಿದಳು.

"ಕೊಡು."

ಅವನು ಗಟ್ಟಿಯನ್ನು ಆ ಕೈಯಲ್ಲಿಟ್ಟ. "ಮೊದಲ ಕರಗಿಸಿ ಇಟ್ಟಾರ ಅಕ್ಕಾ" ಎಂಬ ಸುಳ್ಳು ತಾನಾಗಿ ಬಾಯಿಗೆ ಬಂತು.

ಗಂಗುಬಾಯಿ ಅದನ್ನು ಮೇಲೆ ಕೆಳಗೆ ಆಡಿಸಿ ತೂಕ ನೋಡಿದಳು. ಮೂಟೆ ಎತ್ತಿ ಪಳಗಿದ ಕೈ. "ಅವ್ವನ ಕಡಗ ಇಷ್ಟ ವಜ್ಜಿ ಇರಲಿಲ್ಲೋ" ಎಂದಳು.

ಧೋಂಡಿಬಾ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು ಎಲ್ಲವನ್ನೂ ಹೇಳಿದ. ಸಂತೆಯ ಮಾತು, ಎಂಟು ಕುರಿ, ಹುಪರಿಯ ಕುಲುಮೆ. ಹೇಳುತ್ತ ಅವಳ ಪಾದಗಳನ್ನೇ ನೋಡುತ್ತಿದ್ದ. ಅವಳು ಬೈದರೆ ಮನಸ್ಸು ಒಂದಿಷ್ಟು ಹಗುರಾದೀತು ಎಂದು ಕಾದ. ಬೈಯಲಿಲ್ಲ.

"ಹಂಗಾರ ಇದರಾಗ ಯಾರ ಅದಾರ?" ಎಂದು ಕೇಳಿದಳು.

ಒಳಗಿನಿಂದ ಶೇಟರೇ ಉತ್ತರಿಸಿದರು. "ಹತ್ತ ಊರ ಹೆಣ್ಣಮಕ್ಕಳ ಒಡವಿ ಒಂದ ಮೂಷಿಯಾಗ ಕರಗಿರತಾವ ತಂಗೀ. ಹೆಂಗ ಹೇಳಾಕ ಬರತೈತಿ?"

ಗಂಗುಬಾಯಿ ಗಟ್ಟಿಯ ಮೇಲೆ ಒಂದು ಚಿಟಿಕೆ ಭಂಡಾರ ಹಚ್ಚಿದಳು. ಎರಡೂ ಕೈಯಿಂದ ಎತ್ತಿ ಹಣೆಗೆ ಒತ್ತಿಕೊಂಡು, ತಮ್ಮನ ಮಡಿಲಲ್ಲಿಟ್ಟು, ಸೆರಗು ಕೊಡವಿ ಎದ್ದಳು.

"ಯಾರ ಅವ್ವನೋ ಏನೋ, ಒಯ್ದು ಜಗಲಿ ಮ್ಯಾಲ ಕೂಡಸು" ಎಂದಳು. "ನಾಳಿ ನಮ್ಮವ್ವ ಬಂದು ಬಾಗಲಾಗ ನಿಂತರ, ಜಾಗಾ ಇಲ್ಲಂತ ನೀನ ಹೇಳು."