ಮನೆಯಲ್ಲೇ ಬಿಚ್ಚಿದ ಗೇರ್‌ಬಾಕ್ಸ್

ಶುಕ್ರವಾರ ಬೆಳಿಗ್ಗೆ ವರ್ನ್ ಟ್ರೆಲೋರ್ ಕಾರೆತ್ತುವ ದೊಡ್ಡ ಜಾಕ್ ಎರವಲು ತರಲು ಆಚೆ ಬೀದಿಗೆ ಹೋದದ್ದೇ ತಡ, ಅವನ ಹೆಂಡತಿ ಬೆರಿಲ್ ಆಸ್ಪತ್ರೆ ಕಾರಿನವರಿಗೆ ಫೋನ್ ಮಾಡಿದಳು. ಮಂಗಳವಾರ ಬೆಳಿಗ್ಗೆ ಏಳಕ್ಕೆ, ಪೋರ್ಟ್ ಅಗಸ್ಟಾದ ಆಸ್ಪತ್ರೆಗೆ, ಒಬ್ಬಳೇ. ಸ್ವಂತ ಅಡುಗೆಮನೆಯಲ್ಲಿ ನಿಂತು ಅವಳು ಕಳ್ಳಿಯಂತೆ ಪಿಸುಗುಡುತ್ತಿದ್ದಳು.

ಬೆರಿಲ್‌ಳ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ನೂರ ಮೂವತ್ತು ಕಿಲೋಮೀಟರ್ ಹೋಗಿ, ಯಂತ್ರದ ಪಕ್ಕ ಮಲಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೂ ಕಾಲು ಊದಿ ಉಸಿರು ಕಟ್ಟುತ್ತದೆ. ಅವರ ಹಳೆಯ ಕಾರೋ ಈಗ ಒಮ್ಮೊಮ್ಮೆ ಎರಡರಿಂದ ಮೂರನೇ ಗೇರಿಗೆ ಬೀಳದೆ ಬರೀ ಅರಚುತ್ತಿತ್ತು. ಇದು ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಮನೆಯಲ್ಲಿ ಮುಟ್ಟುವಂಥದ್ದಲ್ಲ, ಒಂದು ವಾರ ಬಿಟ್ಟುಹೋಗಿ ಎಂದು ಮೆಕ್ಯಾನಿಕ್ ಹೇಳಿದಾಗ ವರ್ನ್‌ಗೆ ಕೆನ್ನೆಗೆ ಹೊಡೆದಂತಾಗಿತ್ತು. ತಮ್ಮೂರು ಪೀಟರ್‌ಬರೋದ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದವನು ಅವನು. ತನ್ನ ಯಂತ್ರವನ್ನು ಇನ್ನೊಬ್ಬರ ಕೈಗೆ ಕೊಡುವವನನ್ನು ಆ ಊರಿನಲ್ಲಿ ಗಂಡಸರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಶನಿವಾರ ಆಸ್ಪತ್ರೆಯಿಂದ ಬಂದ ಮೇಲೆ ಗೇರ್‌ಬಾಕ್ಸ್ ಇಳಿಸುತ್ತೇನೆ, ಸೋಮವಾರ ಸಂಜೆಗೆ ತಯಾರು ಎಂದು ಪಟ್ಟು ಹಿಡಿದ. ಯಾವುದಕ್ಕೂ ಇರಲಿ, ಆಸ್ಪತ್ರೆ ಕಾರಿಗೆ ಒಂದು ಮಾತು ಹೇಳಿಡೋಣವೇ ಎಂದು ಬೆರಿಲ್ ಕೇಳಿದ್ದೇ ತಪ್ಪಾಯಿತು.

"ಆ ಸೀಟಲ್ಲಿ ನಿನ್ನ ಕೂರಿಸೋಕಾ ನಾನು ಬದುಕಿರೋದು?" ಎಂದ ವರ್ನ್.

ಎಂಟು ವರ್ಷ ಅವನು ಆ ಕಾರನ್ನು ಪುಕ್ಕಟೆ ಓಡಿಸಿದ್ದ. ಊರಿನ ಮುದುಕ ಮುದುಕಿಯರನ್ನು ರಟ್ಟೆ ಹಿಡಿದು ಹತ್ತಿಸಿ ಇಳಿಸಿ, ಮನೆಗೆ ಬಂದು, ಯಾರೂ ಗತಿಯಿಲ್ಲದವರು ಪಾಪ ಎಂದು ಮರುಗುತ್ತಿದ್ದ. ಹೆಂಡತಿಗೆ ಕಾಯಿಲೆ ಬಂದ ದಿನವೇ ಆ ಕೆಲಸ ಬಿಟ್ಟಿದ್ದ. ಅದಕ್ಕೇ ಬೆರಿಲ್ ಕದ್ದು ಫೋನ್ ಮಾಡಿದ್ದು. ಸೋಮವಾರ ಐದು ಗಂಟೆಯೊಳಗೆ ಬೇಡವೆಂದು ಹೇಳಬಹುದಿತ್ತು; ಕಾರು ಸರಿಯಾದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಸರಿಯಾಗಲಿ ದೇವರೇ ಎಂದು ಅವಳು ಮನಸಾರೆ ಬೇಡಿಕೊಂಡಳು.

ಭಾನುವಾರ ಚಹಾ ತೆಗೆದುಕೊಂಡು ಶೆಡ್ಡಿಗೆ ಹೋದರೆ ಗೇರ್‌ಬಾಕ್ಸಿನ ಕರುಳೆಲ್ಲ ಬೆಂಚಿನ ಮೇಲಿತ್ತು. ತಟ್ಟೆಗಳು, ಸ್ಪ್ರಿಂಗುಗಳು, ಕಡಲೆ ಗಾತ್ರದ ಉಕ್ಕಿನ ಗುಂಡುಗಳು. ವರ್ನ್ ಒಂದೊಂದನ್ನೂ ಎಣ್ಣೆಯಲ್ಲಿ ತೊಳೆದು, ಕಾರ್ಖಾನೆಯ ಕಾಲದಿಂದ ಕೂಡಿಟ್ಟ ಚಿಂದಿ ನೂಲಿನ ಮುದ್ದೆಯಿಂದ ಮಗುವಿನ ಮೈ ಒರೆಸುವಂತೆ ಒರೆಸುತ್ತಿದ್ದ, ಸಿಳ್ಳೆ ಹಾಕುತ್ತಿದ್ದ. ಅವನ ಸಿಳ್ಳೆ ಕೇಳಿ ಎರಡು ವರ್ಷವಾಗಿತ್ತು. ಪಕ್ಕದಲ್ಲಿ ತೆರೆದಿದ್ದ ರಿಪೇರಿ ಪುಸ್ತಕದ ಮೇಲೆ ಬೆರಿಲ್ ಕಣ್ಣಾಡಿಸಿದಳು.

"ಎಳೆ ಬಿಡೋ ಬಟ್ಟೆ ಮುಟ್ಟಿಸ್ಬೇಡಿ ಅಂತ ಬರ್ದಿದಾರಲ್ಲೋ ವರ್ನ್."

"ಅದನ್ನ ಬರ್ದೋನು ಹುಟ್ಟೋಕೆ ಮುಂಚೆಯಿಂದ ನಾನು ಇದರಲ್ಲೇ ಇಂಜಿನ್ ಒರೆಸ್ತಿದೀನಿ ಕಣೇ. ಚಹಾ ಇಟ್ಟು ನಡಿ."

ಇನ್ನೊಂದು ಸಲ ಹೇಳಬಹುದಿತ್ತು. ಸಿಳ್ಳೆ ನಿಂತುಹೋಗುತ್ತದೆಂದು ಹೇಳಲಿಲ್ಲ.

ಸೋಮವಾರ ನಾಲ್ಕೂವರೆಗೆ ಇಂಜಿನ್ ಸದ್ದಾಯಿತು. ಬೆರಿಲ್ ಫೋನ್ ಹಿಡಿದು ಕಿಟಕಿಯ ಬಳಿ ನಿಂತಿದ್ದಳು. ಕಾರು ಬೆಣ್ಣೆ ಜಾರಿದಂತೆ ಹಿಂದಕ್ಕೆ ಶೆಡ್ಡಿನಿಂದ ಹೊರಬಂತು. ಅವಳ ಕಣ್ಣು ತುಂಬಿ ಬಂತು, ನಂಬರ್ ಒತ್ತಿದಳು. ಅಷ್ಟರಲ್ಲಿ ವರ್ನ್ ಮುಂದಕ್ಕೆ ಹೋಗುವ ಗೇರಿಗೆ ಹಾಕಿದ. ಇಂಜಿನ್ ಅರಚಿತು, ಕಾರು ಒಂದಂಗುಲವೂ ಅಲುಗಲಿಲ್ಲ. ಮತ್ತೆ ಹಾಕಿದ. ಮತ್ತೆ. ಒಳಗೆಲ್ಲೋ, ಎಣ್ಣೆ ಹರಿಯುವ ಕಿರಿದಾದ ದಾರಿಯಲ್ಲಿ, ಒಂದು ನೂಲೆಳೆ ಸಿಕ್ಕಿಕೊಂಡು ಕೂತಿತ್ತು. ಫೋನಿನ ಆ ಕಡೆಯಿಂದ ಯಾರೋ ಹಲೋ ಎನ್ನುತ್ತಿದ್ದರು. ಬೆರಿಲ್ ಫೋನ್ ಇಟ್ಟುಬಿಟ್ಟಳು.

ಅವನು ಒಳಗೆ ಬಂದು ಬಹಳ ಹೊತ್ತು ಕೈ ತೊಳೆದ. ಅವಳಿಗೆ ಬೆನ್ನು ಮಾಡಿಕೊಂಡೇ ಮಾತಾಡಿದ.

"ನಿನ್ನೊಳಗೆ ಕೆಟ್ಟಿರೋದನ್ನ ಬಿಚ್ಚಿ ಸರಿಮಾಡೋಕೆ ನನ್ನ ಕೈಲಾಗಲ್ಲ. ಇದೊಂದಾದ್ರೂ ಆಗುತ್ತೆ ಅಂದ್ಕೊಂಡಿದ್ದೆ."

ಬೆಳಿಗ್ಗೆ ಯಾರದಾದರೂ ಕಾರು ಕೇಳಿ ತರುತ್ತೇನೆ, ನೀನು ಹೆದರಬೇಡ ಎಂದ. ಬೆರಿಲ್ ತಲೆಯಾಡಿಸಿದಳು. ಆಗಲೇ ಹೇಳಿಬಿಡಬೇಕಿತ್ತು, ಬಾಯಿ ಬರಲಿಲ್ಲ.

ಮಂಗಳವಾರ ಏಳಕ್ಕೆ ಗೇಟಿನ ಹೊರಗೆ ಹಾರ್ನ್ ಕೇಳಿಸಿತು. ಕಾರು ಕೇಳಲು ಹೊರಟು ಅಂಗಿ ಬದಲಿಸಿ ನಿಂತಿದ್ದ ವರ್ನ್, ಆ ಬಿಳಿ ಕಾರನ್ನೂ ಹೆಂಡತಿಯನ್ನೂ ನೋಡಿದ. ನಿನ್ನೆ ಸಂಜೆ ಹೇಳಿಟ್ಟೆ ಎಂದಳು ಅವಳು, ಚೀಲ ಹುಡುಕುವವಳಂತೆ ಮುಖ ತಿರುಗಿಸಿ. ಅವನು ಚೀಲ ಎತ್ತಿಕೊಂಡು ಅವಳ ಜೊತೆ ಗೇಟಿನವರೆಗೆ ನಡೆದ.

ಸ್ಟೀರಿಂಗ್ ಹಿಡಿದಿದ್ದವನು ನೋಯೆಲ್, ವರ್ನ್ ಕೈಯಲ್ಲೇ ಆ ಕೆಲಸ ಕಲಿತವನು. "ಏನ್ ಗುರುವೇ, ಕಡೆಗೂ ನಮ್ಮ ಗಾಡಿನೇ ಬೇಕಾಯ್ತಾ?" ಎಂದು ನಕ್ಕ. ವರ್ನ್ ಹಿಂದಿನ ಬಾಗಿಲು ತೆರೆದು, ಹೆಂಡತಿಯ ರಟ್ಟೆ ಹಿಡಿದು, ತಲೆ ತಾಗದಂತೆ ಮೇಲೆ ಅಂಗೈ ಅಡ್ಡ ಇಟ್ಟು ಕೂರಿಸಿದ. ಎಲ್ಲರನ್ನೂ ಕೂರಿಸುತ್ತಿದ್ದದ್ದು ಹಾಗೆಯೇ. ಮುಂದಿನ ಸೀಟಿನ ಮೇಲೆ ಇಡೀ ವಾರದ ಟೈಪಾದ ಪಟ್ಟಿ ಬಿದ್ದಿತ್ತು; ಮಂಗಳವಾರದ ಸಾಲಿನಲ್ಲಿ ಬೆರಿಲ್‌ಳ ಹೆಸರಿತ್ತು. ಹಿಂದಿನ ವಾರದ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಪಟ್ಟಿ ಮುಚ್ಚುತ್ತದೆ, ಆಮೇಲೆ ಯಾರ ಹೆಸರನ್ನೂ ಸೇರಿಸುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬಗ್ಗಿ ಅವಳ ಸೀಟ್ ಬೆಲ್ಟ್ ಹಾಕಿದ.

"ಶುಕ್ರವಾರ ನಾನಿನ್ನೂ ಒಂದು ಬೋಲ್ಟೂ ಬಿಚ್ಚಿರ್ಲಿಲ್ಲ ಕಣೇ," ಎಂದು ಅವಳಿಗಷ್ಟೇ ಕೇಳುವಂತೆ ಹೇಳಿ, ಬಾಗಿಲು ಹಾಕಿದ.