ತಾಯಲೂರಿನ ಹಾಯಿದೋಣಿ

ಒಂದಾನೊಂದು ಕಾಲದಲ್ಲಿ, ಏಳು ಕೆರೆ ದಾಟಿದರೂ ಒಂದು ಸಮುದ್ರ ಸಿಗದ ಸೀಮೆಯಲ್ಲಿ, ಒಂದು ಹಾಯಿದೋಣಿ ಇತ್ತು. ರಾಕ್ಷಸನೊಬ್ಬ ಅದರಲ್ಲಿ ರಾಜಕುಮಾರಿಯನ್ನು ಕೂರಿಸಿಕೊಂಡು ಹೊರಟ. ದಡದಲ್ಲಿ ನಿಂತ ರಾಜಕುಮಾರ ಕೈಚಾಚಿ ಅತ್ತ. ದೋಣಿ ತಿರುಗಿ ನೋಡಲಿಲ್ಲ.

ಕದಿರಮ್ಮ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮೊಮ್ಮಗ ಅಶ್ವತ್ಥ ಚಾಪೆಯ ಮೇಲೆ ಎದ್ದು ಕೂರುತ್ತಿದ್ದ.

“ವಾಪಸ್ ಬರಲ್ವಾ ಅವ್ಳು? ಬರೋ ಗಂಟ ನಾನು ಮಲಗಲ್ಲ.”

“ನಾನೇ ಕರ್ಕೊಂಡ್ ಬರ್ತೀನಿ ಮಲಕ್ಕೊಳೋ.”

ಎಲ್ಲ ಅಜ್ಜಿಯರೂ ಹೇಳುವ ಮಾತು.

ಇಪ್ಪತ್ತು ವರ್ಷ ಕಳೆದು, ಎಪ್ಪತ್ತೆಂಟನೇ ಇಸವಿಯಲ್ಲಿ, ಅದೇ ದೋಣಿ ಅಶ್ವತ್ಥನ ತಲೆಗೇ ಬಂತು. ಕೋದಂಡರಾಮಪ್ಪನವರ ನಾಟಕ ಕಂಪನಿಯ ದೋಣಿ ಅದು. ಬಿದಿರಿನ ಮೈ, ಹಳೇ ಪಂಚೆಯ ಹಾಯಿ, ಅಡಿಯಲ್ಲಿ ನಾಲ್ಕು ಚಕ್ರ. ದೋಣಿಗೆ ಕಟ್ಟಿದ ಹಗ್ಗ ರಂಗದ ಎರಡೂ ತುದಿಯ ರಾಟೆಗಳನ್ನು ಬಳಸಿ ಬರುತ್ತಿತ್ತು. ಪರದೆಯ ಮರೆಯಲ್ಲಿ ಕೂತ ಗಂಗುಲಪ್ಪ ಹಿಡಿ ತಿರುಗಿಸಿದರೆ ದೋಣಿ ನಡುರಂಗದಿಂದ ಬಲಕ್ಕೆ ಹೊರಟು ಮಾಯವಾಗುತ್ತಿತ್ತು. ಹನ್ನೆರಡು ವರ್ಷ ತಿರುಗಿಸಿದ. ಈಚೆಗೆ ಭುಜ ಸೋತು ದೋಣಿ ಮುಗ್ಗರಿಸುತ್ತಿತ್ತು. ರಾಜಕುಮಾರಿ ರಾಕ್ಷಸನ ಮಡಿಲಿಗೆ ಬೀಳುತ್ತಿದ್ದಳು. ಅಳಬೇಕಾದ ಜನ ಬಿದ್ದು ಬಿದ್ದು ನಗುತ್ತಿದ್ದರು.

“ಏಮಯ್ಯಾ, ಕೋಲಾರದಲ್ಲಿ ಮೂರು ವರ್ಷ ಮೋಟರ್ ಕೆಲ್ಸ ಕಲ್ತು ಬಂದಿದ್ದೀಯ,” ಎಂದರು ಕೋದಂಡರಾಮಪ್ಪ. “ನನ್ನ ದೋಣಿಗೆ ಕರೆಂಟ್ ಕೊಡು. ಜನ ಅಳ್ಬೇಕು. ನಕ್ಕರೋ, ಮುಳಬಾಗಿಲಿಂದ ಮಾಲೂರಿನ ತನಕ ನಿನ್ನ ಅಂಗಡಿಗೆ ಒಂದು ಫ್ಯಾನೂ ರಿಪೇರಿಗೆ ಬರ್ದಂಗೆ ಮಾಡ್ತೀನಿ.”

ಅಂಗಡಿ ತೆರೆದು ಇನ್ನೂ ಹದಿನೈದು ದಿನ. ಅಶ್ವತ್ಥ ಆಗಲಿ ಎಂದ.

ಮೋಟರು ಬೇಕಲ್ಲ? ಅಜ್ಜಿಯ ತೋಟದ ಬಾವಿಯಲ್ಲಿ ಮೂರು ಫೇಸಿನದೊಂದಿತ್ತು.

“ಒಂದೇ ದಿನಕ್ಕೆ ಕೊಡ್ತೀನಿ,” ಎಂದಳು ಕದಿರಮ್ಮ. “ನೀನು ಕೋಲಾರದಲ್ಲಿದ್ದಾಗ ತೋಟದಲ್ಲಿ ನನಗೆ ಜೊತೆಗಿದ್ದಿದ್ದು ಅದೊಂದೇ. ಬೈದ್ರೂ ಬೈಸ್ಕೊಳ್ತಿತ್ತು, ಪಾಪ.”

ಹಳೇ ಕಬ್ಬಿನ ಗಾಣದ ಹಲ್ಲುಚಕ್ರ ಜೋಡಿಸಿ ಅಶ್ವತ್ಥ ವೇಗ ಇಳಿಸಿದ. ಆಟದ ದಿನ ಮಧ್ಯಾಹ್ನ ಹಸಿರು ಗುಂಡಿ ಒತ್ತಿ ನೋಡಿದ. ದೋಣಿ ಎಣ್ಣೆಯ ಮೇಲೆ ಜಾರಿದಂತೆ ಬಲಕ್ಕೆ ಹೋಯಿತು.

ಗಂಗುಲಪ್ಪ ಕಂಬಕ್ಕೊರಗಿ ನೋಡುತ್ತಿದ್ದ. “ಹನ್ನೆರಡು ವರ್ಷ ಆ ಹೆಣ್ಣನ್ನ ಸಾಗಹಾಕಿದ್ದು ಈ ಕೈ ಕಣಯ್ಯಾ. ನಿನ್ನ ತಂತಿ ಏನ್ ಕಿಸಿಯುತ್ತೋ ನೋಡ್ತೀನಿ.”

ಅಶ್ವತ್ಥನಿಗೆ ಅನುಮಾನ ಬಂತು. ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಈಗ ಯಾರು ಏನು ಮಾಡಿಯಾರು?

ಅಷ್ಟರಲ್ಲಿ ಅಜ್ಜಿ ಬುತ್ತಿ ತಂದಳು. “ಮಸಿ ಕೈಯಲ್ಲಿ ಮುದ್ದೆ ಮುಟ್ಬೇಡ. ಕೆರೇಲಿ ತೊಳ್ಕೊಂಡ್ ಬಾ ಹೋಗು.”

ತೊಳೆದುಕೊಂಡು ಬಂದಾಗ ಗಂಗುಲಪ್ಪ ಮೋಟರಿನ ಕಡೆಯಿಂದ ಸರಸರ ಹೊರಟಿದ್ದ. ಕಂಕುಳಲ್ಲಿ ಟವೆಲಿನ ಗಂಟು. ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದಳು. ಅಶ್ವತ್ಥ ಸುತ್ತ ನೋಡಿದ. ತಿರುಪು ಬಿಚ್ಚುವ ಟೆಸ್ಟರ್ ಇಟ್ಟಲ್ಲಿ ಇರಲಿಲ್ಲ.

“ಅಜ್ಜೀ, ನನ್ನ ಟೆಸ್ಟರ್ ನೋಡಿದ್ಯಾ?”

“ನಿನ್ನ ಟೆಸ್ಟರು ಗಿಸ್ಟರು ನನಗೇನು ಗೊತ್ತೋ. ಮುದ್ದೆ ಆರೋಗುತ್ತೆ, ನುಂಗು.”

ಸಂಜೆ ದೀಪ ಹತ್ತುವ ಹೊತ್ತಿಗೆ ತಾಯಲೂರಿನ ಚಪ್ಪರ ತುಂಬಿತು. ಅಜ್ಜಿ ಮುಂದಿನ ಸಾಲಿನಲ್ಲಿ ಚಾಪೆ ಹಿಡಿದಿದ್ದಳು. ಅಶ್ವತ್ಥ ಫ್ಯೂಸು ಹಾಕಿ ಪರದೆಯ ಮರೆಯಲ್ಲಿ ಕಾದ. ರಾಜಕುಮಾರಿ ದೋಣಿ ಹತ್ತಿದಳು. ರಾಕ್ಷಸ ಮೀಸೆ ತಿರುವಿದ. ಎಡಗಡೆಯ ದಡದಲ್ಲಿ ರಾಜಕುಮಾರ ಕೈಚಾಚಿದ. ಅಶ್ವತ್ಥ ಹಸಿರು ಗುಂಡಿ ಒತ್ತಿದ.

ದೋಣಿ ಹೊರಟಿತು. ಎಡಕ್ಕೆ.

“ಹ್ಹ! ಹ್ಹ!” ಎಂದ ರಾಕ್ಷಸ ಮೂರನೇ ‘ಹ್ಹ’ ಮರೆತ. ದೋಣಿ ನೇರ ಹೋಗಿ ರಾಜಕುಮಾರನ ಎದೆಗೆ ತಾಗುವ ಹೊತ್ತಿಗೆ ಅಶ್ವತ್ಥ ಕೆಂಪು ಗುಂಡಿ ಗುದ್ದಿದ. ಚಾಚಿದ ಕೈಗೆ ಹುಡುಗಿ ಬಂದುಬಿಟ್ಟಿದ್ದಳು. ಅದಕ್ಕೆ ನಾಟಕದಲ್ಲಿ ಮಾತೇ ಬರೆದಿರಲಿಲ್ಲ.

“ಬಂದ್ಯಾ?” ಎಂದ ರಾಜಕುಮಾರ, ತೋಚದೆ.

“ಬಂದೆ,” ಎಂದಳು ಅವಳು.

ಪರದೆಯ ಹಿಂದೆ ಅಶ್ವತ್ಥ ಗಂಗುಲಪ್ಪನ ಕೊರಳಪಟ್ಟಿ ಹಿಡಿದ. “ತಂತಿ ಅದಲುಬದಲು ಮಾಡ್ದೋನು ನೀನೇ ಅಲ್ವಾ?”

“ನಾನಾ? ನಮ್ಮನೇಲಿ ಲೈಟಿನ ಸ್ವಿಚ್ಚೂ ಕೋಲಲ್ಲಿ ಒತ್ತೋನು ಕಣಪ್ಪಾ ನಾನು!” ಗಂಗುಲಪ್ಪ ಟವೆಲು ಬಿಚ್ಚಿದ. ಒಳಗೆ ಹಳೇ ರಾಟೆಯ ಹಿಡಿ. “ಇದನ್ನ ಬಿಟ್ಟು ಹೋಗೋಕೆ ಮನ್ಸಾಗ್ಲಿಲ್ಲ, ಅಷ್ಟೇ.”

ಅಶ್ವತ್ಥನ ಕೈ ಸಡಿಲವಾಯಿತು. ಮತ್ಯಾರು? ಮೂರರಲ್ಲಿ ಎರಡು ತಂತಿ ಜಾಗ ಬದಲಿಸಿದರೆ ಮೋಟರು ಉಲ್ಟಾ. ಲೈನಿನವರು ಟ್ರಾನ್ಸ್‌ಫಾರ್ಮರ್ ಮುಟ್ಟಿದಾಗಲೆಲ್ಲ ಪಂಪುಗಳು ಹಿಮ್ಮುಖ ತಿರುಗುವುದು, ತೋಟದವರು ಬೈದುಕೊಂಡು ತಂತಿ ಬದಲಿಸುವುದು ಈ ಸೀಮೆಯಲ್ಲಿ ಮಾಮೂಲು. ಬಾವಿಯಿದ್ದವರಿಗೆಲ್ಲ ಬರುವ ವಿದ್ಯೆ.

ಆಗ ಹೆಂಗಸರ ಕಡೆಯಿಂದ ಒಂದು ಬಿಕ್ಕು ಕೇಳಿಸಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಇಡೀ ಚಪ್ಪರ ಸೆರಗು, ಟವೆಲಿನಲ್ಲಿ ಮೂಗೊರೆಸಿಕೊಂಡು ಸಿಳ್ಳೆ ಹೊಡೆಯತೊಡಗಿತು. ಕೋದಂಡರಾಮಪ್ಪ ಓಡಿ ಬಂದರು. ಅವರ ಕಣ್ಣೂ ಒದ್ದೆ.

“ಅಳಿಸ್ಬಿಟ್ಯಲ್ಲಯ್ಯಾ! ನಾಳೆ ಶ್ರೀನಿವಾಸಪುರದಲ್ಲೂ ಹಿಂಗೇ ಆಗ್ಬೇಕು, ತಿಳೀತಾ?”

ಅಶ್ವತ್ಥ ಪರದೆ ಸರಿಸಿ ಮುಂದಿನ ಸಾಲಿನತ್ತ ನೋಡಿದ. ಕದಿರಮ್ಮ ಎಲೆಅಡಿಕೆ ಚೀಲಕ್ಕೆ ಕೈಹಾಕಿ ಅಡಿಕೆ ತೆಗೆದಳು, ಸುಣ್ಣದ ಡಬ್ಬಿ ತೆಗೆದಳು, ಕೊನೆಗೆ ಅವನ ಟೆಸ್ಟರ್ ತೆಗೆದು ಅವನ ಕಡೆ ಚಾಚಿದಳು.

“ಕರ್ಕೊಂಡ್ ಬಂದಿದ್ದೀನಿ ಕಣೋ. ಇನ್ನಾದ್ರೂ ಮಲಕ್ಕೋ ಹೋಗು.”